ಗೀಜಗಕ್ಕೆ ಎಷ್ಟು ಅಂಕ?

ಫೆಬ್ರುವರಿಯ ನಾಲ್ಕು ದಿನದ ಹಕ್ಕಿ ಎಣಿಕೆ ಮುಗಿದರೂ ಅಂಕದ ಜಗಳ ಮುಗಿದಿಲ್ಲ. ಅಪರೂಪದ ಹಕ್ಕಿಗೆ ಎಷ್ಟು ಅಂಕ ಕೊಡಬೇಕೆಂದು ಈ ವಾರ ಬರೆಯುತ್ತೇನೆ ಅಂದಿದ್ದೆ. ಉತ್ತರ ಚಿಕ್ಕದು: ಒಂದೂ ಬೇಡ.

ಕಾರಿನವರ ಪಂಥಕ್ಕೆ ಇದು ರುಚಿಸದು. ನಸುಕಿಗೆ ದೇವರಾಯನದುರ್ಗದ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರ, ತಿಂಡಿ ಹೊತ್ತಿಗೆ ಕಗ್ಗಲಡುವಿನ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ, ಬಿಸಿಲೇರುವಷ್ಟರಲ್ಲಿ ಮೈದನಹಳ್ಳಿಯ ಹುಲ್ಲುಗಾವಲು. ಪೆಟ್ರೋಲ್ ಇದ್ದಷ್ಟೂ ಪ್ರಭೇದ! ಗುಬ್ಬಿ ಕೆರೆ ಏರಿಯ ಮೇಲೆ ನಡೆದೇ ಹೋಗುವ ಹುಡುಗ ನಾಮದ ಕೋಳಿ, ಗುಳುಮುಳುಕ, ನೀರುಕಾಗೆಗಳನ್ನು ತಲೆ ಲೆಕ್ಕ ಹಾಕಿ ಬರೆದರೂ ಕೊನೇ ಸ್ಥಾನ. ಅಪರೂಪಕ್ಕೆ ಹೆಚ್ಚು ಅಂಕ ಇಟ್ಟರಂತೂ ಗೊರವಂಕ ಯಾರ ಕಣ್ಣಿಗೂ ಬೀಳುವುದಿಲ್ಲ; ದೂರದ ಹದ್ದೆಲ್ಲ ಯಾವುದೋ ಅಪೂರ್ವ ಗಿಡುಗವಾಗಿಬಿಡುತ್ತದೆ.

ಪ್ರಭೇದಗಳನ್ನು ಗಂಟೆಗಳಿಂದ ಭಾಗಿಸೋಣ ಅನ್ನುವವರಿದ್ದಾರೆ. ಮೊದಲ ಕಾಲುಗಂಟೆಯಲ್ಲಿ ಸಿಗುವಷ್ಟು ಹೊಸ ಹಕ್ಕಿ ಆಮೇಲೆ ಸಿಗದು. ತಾಳ್ಮೆಯಿಂದ ಕೂತವನ ಸರಾಸರಿ ಇಳಿಯುತ್ತದೆ, ಬೇಗ ಎದ್ದುಹೋದವನು ಗೆಲ್ಲುತ್ತಾನೆ.

ನನ್ನ ಸೂತ್ರ ಕೇಳಿ. ಕನಿಷ್ಠ 15 ನಿಮಿಷ ನೋಡಿ, ಗುರುತು ಸಿಕ್ಕಿದ್ದೆಲ್ಲವನ್ನೂ ಕಾಗೆ ಸಮೇತ ಬರೆದ ಪೂರ್ಣ ಪಟ್ಟಿಗೆ ಒಂದು ಅಂಕ. ಸಂಖ್ಯೆಯನ್ನೂ ನಮೂದಿಸಿದರೆ ಇನ್ನರ್ಧ. ದಿನಕ್ಕೆ ನಾಲ್ಕು ಪಟ್ಟಿ, ಸಾಕು. ಅದೇ ಕೆರೆಗೆ ಬೇರೆ ತಿಂಗಳಲ್ಲಿ ಮತ್ತೆ ಹೋದರೆ ಮೇಲೊಂದು. ಬರೆಯದ ಹಕ್ಕಿ ಅಲ್ಲಿ ಕಾಣಲೇ ಇಲ್ಲ ಎಂದು ತಿಳಿಯುವುದು ಪೂರ್ಣ ಪಟ್ಟಿಯಿಂದ ಮಾತ್ರ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಗತಿ ಅಳೆದದ್ದು ಹವ್ಯಾಸಿಗಳು ಇ-ಬರ್ಡ್‌ಗೆ ಹಾಕಿದ ಪಟ್ಟಿಗಳನ್ನು ಹಿಡಿದೇ.

ಸೂತ್ರ ಅಂದಾಗ ಸಲೀಂ ಅಲಿ ನೆನಪಾದರು. 1930ರಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಕಿಹಿಂ ಎಂಬ ಕಡಲತಡಿಯ ಊರಲ್ಲಿದ್ದಾಗ ಅವರು ಬೆನ್ನುಹತ್ತಿದ್ದು ಗೀಜಗವನ್ನು. ಗಂಡು ಅರ್ಧ ಗೂಡು ನೇಯ್ದು ಕಾಯುತ್ತದೆ. ಹೆಣ್ಣು ಬಂದು ಹೊಕ್ಕು ನೋಡಿ ಒಪ್ಪಿದರಷ್ಟೇ ಗೂಡು ಪೂರ್ತಿ. ಅವಳು ಕಾವಿಗೆ ಕೂತಳೋ, ಇವನು ಪಕ್ಕದಲ್ಲೇ ಮತ್ತೊಬ್ಬಳಿಗಾಗಿ ನಾರು ಸೀಳಿ ತರುತ್ತಾನೆ! ಕಾರಿನವರ ಲೆಕ್ಕದಲ್ಲಿ ಇಡೀ ಮಳೆಗಾಲಕ್ಕೆ ಸಲೀಂ ಅಲಿಯವರಿಗೆ ಒಂದು ಅಂಕ. ಸುತ್ತಲಿನ ಕಾಗೆ ಬರೆಯದಿದ್ದರೆ ನನ್ನ ಲೆಕ್ಕದಲ್ಲಿ ಅದೂ ಇಲ್ಲ. ಅದಕ್ಕೇ ಒಂದೇ ಹಕ್ಕಿಯನ್ನು ಗಂಟೆಗಟ್ಟಲೆ ನೋಡಿ ಟಿಪ್ಪಣಿ ಬರೆದವರಿಗೆ ಐದು ಅಂಕದ ಕಲಂ ಸೇರಿಸಿದ್ದೇನೆ.

ಕುಣಿಗಲ್ ದೊಡ್ಡಕೆರೆಯ ಗೆಳೆಯರ ತಕರಾರು: ಮನೆ ಕಿಟಕಿಯಲ್ಲೇ ಕೂತು ದಿನಾ ನಾಲ್ಕು ಪಟ್ಟಿ ಬರೆದು ಒಬ್ಬ ಗೆದ್ದರೆ? ಗೆಲ್ಲಲಿ ಬಿಡಿ. ತುಮಕೂರಿನ ಯಾವ ಬಡಾವಣೆಯಲ್ಲಿ ಗುಬ್ಬಚ್ಚಿ ಉಳಿದಿದೆ ಎಂದು ಹೇಳಬಲ್ಲವನು ಅವನೇ. ಕೂಗು ಮಾತ್ರ ಕೇಳಿದ ಹಕ್ಕಿಯ ತಗಾದೆ ಮುಂದಿನ ವಾರಕ್ಕಿರಲಿ.