ಸಾವಯವ ಎಂದರೆ ಸಾಕೇ? ಹೂಗಿಡಗಳ ನುಸಿ ಮತ್ತು ಬೂದಿರೋಗದ ಕರಪತ್ರಗಳ ಒಂದು ವಿಮರ್ಶೆ

ನಸುಕಿನಲ್ಲಿ ಕಿತ್ತ ಮಲ್ಲಿಗೆ ಮೊಗ್ಗು ದಾವಣಗೆರೆಯ ಹೂವಿನ ಮಾರುಕಟ್ಟೆಗೆ ಬಂದು, ಮಾಲೆಯಾಗಿ, ಅದೇ ಸಂಜೆ ಮುಡಿಗೇರುತ್ತದೆ. ಅದನ್ನು ಯಾರೂ ತೊಳೆಯುವುದಿಲ್ಲ, ಸಿಪ್ಪೆ ಸುಲಿಯುವುದಿಲ್ಲ, ಬೇಯಿಸುವುದಿಲ್ಲ. ತರಕಾರಿಗೆ ಔಷಧ ಸಿಂಪಡಿಸಿದರೆ ಇಂತಿಷ್ಟು ದಿನ ಕೊಯ್ಲು ಮಾಡಬಾರದು ಎಂಬ ನಿಯಮವಿದೆ. ದಿನವೂ ಕೀಳಬೇಕಾದ ಹೂವಿಗೆ ಆ ನಿಯಮವನ್ನು ಪಾಲಿಸುವುದಾದರೂ ಹೇಗೆ? ನಿನ್ನೆ ಸಿಂಪಡಿಸಿದ ಗಿಡಕ್ಕೆ ಇಂದು ಕೈಹಾಕುವುದು ಬಿಡಿಸುವವರಿಗೆ ಅನಿವಾರ್ಯ. ಹೀಗಾಗಿ ವಿಷರಹಿತ ನಿಯಂತ್ರಣ ಹೂಬೆಳೆಗೆ ನಿಜವಾದ ಅಗತ್ಯವೇ ಹೊರತು ಫ್ಯಾಷನ್ ಅಲ್ಲ.

2004ರಲ್ಲಿ ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ನಂತರ ಈ ವಿಷಯದ ಕರಪತ್ರ, ಕಿರುಹೊತ್ತಿಗೆಗಳಿಗೆ ಕೊರತೆಯಿಲ್ಲ. ದಾವಣಗೆರೆ, ಹರಿಹರದ ಸುತ್ತಲಿನ ಬೆಳೆಗಾರರ ಕೈಗೂ, ಶಾಲೆಯ ಪರಿಸರ ಸಂಘಗಳಿಗೂ ಇವು ತಲುಪುತ್ತವೆ. ಹರಪನಹಳ್ಳಿ ತಾಲ್ಲೂಕು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಅದಕ್ಕೆ ಹೊಂದಿಕೊಂಡಿರುವ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇಂಥ ಪ್ರದೇಶದಲ್ಲಿ ಕರಪತ್ರದ ಒಂದು ತಪ್ಪು ಸಾಲು ಒಂದು ಹಂಗಾಮಿನ ಆದಾಯವನ್ನೇ ಕಳೆಯಬಲ್ಲದು. ಈ ವಿಮರ್ಶೆ ಯಾವುದೇ ಒಂದು ಕರಪತ್ರದ ಮೇಲಲ್ಲ. ಬಹುತೇಕ ಎಲ್ಲದರಲ್ಲೂ ಮರುಕಳಿಸುವ ಕೆಲವು ದೋಷಗಳ ಮೇಲೆ.

ಹೆಸರಿನಲ್ಲೇ ದೋಷ

ಮೊದಲ ದೋಷ, ನುಸಿಯನ್ನು ಕೀಟವೆಂದು ಕರೆಯುವುದು. ಕೀಟಕ್ಕೆ ಆರು ಕಾಲು. ಬೆಳೆದ ಕೆಂಪು ನುಸಿಗೆ ಎಂಟು ಕಾಲು. ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದೆ. ಇದು ಕೇವಲ ವರ್ಗೀಕರಣದ ಮಾತಲ್ಲ. ಅನೇಕ ಕೀಟನಾಶಕಗಳು ನುಸಿಯನ್ನು ಕೊಲ್ಲುವುದಿಲ್ಲ, ನುಸಿಯನ್ನು ತಿನ್ನುವ ಗುಲಗಂಜಿ ಹುಳು ಮತ್ತು ಪರಭಕ್ಷಕ ನುಸಿಗಳನ್ನು ಕೊಲ್ಲುತ್ತವೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಸಿಂಪಡಿಸಿದ ನಂತರ ನುಸಿ ಹೆಚ್ಚಾಗುವುದು ಈ ಕಾರಣಕ್ಕೆ. ನುಸಿಗಳಲ್ಲೂ ಭೇದವಿದೆ. ಎಲೆಯ ತಳದಲ್ಲಿ ಬಲೆ ನೇಯುವ ಟೆಟ್ರಾನೈಕಸ್ ಅರ್ಟಿಸೆ ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕಬಲ್ಲದು. ಮಲ್ಲಿಗೆಯ ಎಲೆ, ಮೊಗ್ಗುಗಳ ಮೇಲೆ ಬಿಳಿ ಉಣ್ಣೆಯಂಥ ರೋಮ ಬೆಳೆಸುವ ಅಸೇರಿಯ ಜಾಸ್ಮಿನೈ ಬರಿಗಣ್ಣಿಗೆ ಕಾಣದು, ಅದಕ್ಕಿರುವುದು ನಾಲ್ಕೇ ಕಾಲು. ಆ ರೋಮವನ್ನು ಬೂದಿರೋಗವೆಂದು ತಿಳಿದು ಶಿಲೀಂಧ್ರನಾಶಕ ಸಿಂಪಡಿಸುವುದೂ ಉಂಟು. ಹತ್ತು ಪಟ್ಟು ಹಿಗ್ಗಿಸುವ ಒಂದು ಕೈಮಸೂರ ಇಂಥ ಗೊಂದಲವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಅದನ್ನು ಬಳಸಿ ಎಂದು ಹೇಳುವ ಕರಪತ್ರಗಳು ವಿರಳ.

ಎರಡನೆಯದು, ‘ನೀರಿನಲ್ಲಿ ಕರಗುವ ಗಂಧಕ’ ಎಂಬ ಪ್ರಯೋಗ. ಸಾವಯವ ಕರಪತ್ರಗಳಲ್ಲಿ ಮಾತ್ರವಲ್ಲ, ಇತರ ಕೃಷಿ ಸಾಹಿತ್ಯದಲ್ಲೂ ಇದು ಬೇರೂರಿದೆ. ಗಂಧಕ ನೀರಿನಲ್ಲಿ ಕರಗುವುದಿಲ್ಲ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ. ಅಂಗಡಿಯಲ್ಲಿ ಸಿಗುವುದು ನೀರಿನಲ್ಲಿ ನೆನೆದು ಹರಡಿಕೊಳ್ಳುವಂತೆ ಮಾಡಿದ ನುಣ್ಣನೆಯ ಪುಡಿ. ಕರಗಿದೆಯೆಂದು ನಂಬಿದವರು ಸಿಂಪಡಿಸುವಾಗ ಕದಡುವುದಿಲ್ಲ. ಪುಡಿ ತಳಕ್ಕಿಳಿಯುತ್ತದೆ, ಕೆಲವು ಗಿಡಗಳಿಗೆ ಬರೀ ನೀರು, ಕೆಲವಕ್ಕೆ ಎಲೆ ಸುಡುವಷ್ಟು ಗಂಧಕ ಸಿಗುತ್ತದೆ. ‘ನೀರಿನಲ್ಲಿ ಹರಡುವ ಗಂಧಕ’ ಎಂದು ಬರೆಯಲು ಖರ್ಚೇನೂ ಇಲ್ಲ.

ರಾಸಾಯನಿಕ ಎಂಬ ಬೈಗುಳ

ಈ ಬರಹಗಳಲ್ಲಿ ‘ರಾಸಾಯನಿಕ’ ಎಂದರೆ ವಿಷ, ‘ಸಾವಯವ’ ಎಂದರೆ ಅಮೃತ. ವಿಜ್ಞಾನದ ಅಧ್ಯಾಪಕರು ಈ ವಿಂಗಡಣೆಯನ್ನು ತರಗತಿಯೊಳಗೆ ಬಿಟ್ಟುಕೊಳ್ಳಬಾರದು. ಗಂಧಕ ಒಂದು ಮೂಲಧಾತು. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಊರಿನಲ್ಲಿ ದ್ರಾಕ್ಷಿಯ ಬೂದಿರೋಗವನ್ನು ಮೊದಲು ಗಮನಿಸಿದ ಟಕರ್ ಎಂಬ ತೋಟಗಾರ ಅದಕ್ಕೆ ಗಂಧಕ ಮತ್ತು ಸುಣ್ಣವನ್ನೇ ಬಳಸಿದ. ಭಾರತದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮವೂ ಗಂಧಕಕ್ಕೆ ನಿರ್ಬಂಧದೊಡನೆ ಅವಕಾಶ ನೀಡಿದೆ. ಆದರೆ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಂಧಕ ಎಲೆಯನ್ನು ಸುಡುತ್ತದೆ. ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಬಳಸಿದರೂ ಹಾಗೆಯೇ. ಪರಭಕ್ಷಕ ನುಸಿಗಳಿಗೂ ಅದು ಹಾನಿಕರ. ದಾವಣಗೆರೆಯ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ, ಅದೂ ಬೇವಿನ ಎಣ್ಣೆಯ ಹಿಂದೆಯೇ ಗಂಧಕ ಎಂದರೆ ಗಿಡಕ್ಕೆ ಎರಡು ಏಟು.

ಇದಕ್ಕೆ ವಿರುದ್ಧವಾಗಿ ತಂಬಾಕಿನ ಕಷಾಯ ‘ಸಹಜ’ವೆಂಬ ಪಟ್ಟಿಯಲ್ಲಿ ನಿಶ್ಚಿಂತೆಯಿಂದ ಕುಳಿತಿರುತ್ತದೆ. ಅದರಲ್ಲಿರುವ ನಿಕೋಟಿನ್ ಪ್ರಬಲ ನರವಿಷ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಒದ್ದೆ ತಂಬಾಕಿನ ಎಲೆ ಮುಟ್ಟುವ ಕೂಲಿಕಾರರಿಗೆ ವಾಂತಿ, ತಲೆಸುತ್ತು ಬರುವುದು ದಾಖಲಾದ ಸಂಗತಿ. ನಸುಕಿನಲ್ಲಿ ಇಬ್ಬನಿ ತುಂಬಿದ ಗಿಡಗಳ ನಡುವೆ ಬರಿಗೈಯಲ್ಲಿ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳನ್ನು ನೆನೆದು ಈ ಸಲಹೆಯನ್ನು ಓದಬೇಕು.

ನೀರಿಗೆ ಸಲ್ಲಬೇಕಾದ ಯಶಸ್ಸು

ಅತ್ಯಂತ ದೊಡ್ಡ ದೋಷ ಇನ್ನೊಂದಿದೆ. ಹುಳಿ ಮಜ್ಜಿಗೆಯನ್ನು ನೀರಿನಲ್ಲಿ ಬೆರೆಸಿ ಎಲೆಯ ಎರಡೂ ಬದಿಗೆ ರಭಸವಾಗಿ ಸಿಂಪಡಿಸಿ, ರೋಗ ಹೋಗುತ್ತದೆ ಎನ್ನುತ್ತವೆ ಕರಪತ್ರಗಳು. ರೋಗ ಕಡಿಮೆಯಾಗಲೂಬಹುದು. ಆದರೆ ಕಡಿಮೆ ಮಾಡಿದ್ದು ಮಜ್ಜಿಗೆಯೋ, ನೀರೋ?

ಈ ಪ್ರಶ್ನೆ ಕುಹಕವಲ್ಲ. ಬೂದಿರೋಗದ ಶಿಲೀಂಧ್ರ ಎಲೆಯ ಮೇಲ್ಮೈಯಲ್ಲಿ ಹಬ್ಬಿ, ಹಾಸ್ಟೋರಿಯಂ ಎಂಬ ಹೀರುಬೇರನ್ನು ಹೊರಪದರದ ಜೀವಕೋಶಕ್ಕೆ ಇಳಿಸುತ್ತದೆ. ಇತರ ಅನೇಕ ಶಿಲೀಂಧ್ರಗಳಂತೆ ಇದರ ಬೀಜಾಣು ಮೊಳೆಯಲು ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ; ನಿಂತ ನೀರು ಅದಕ್ಕೆ ಅಡ್ಡಿ. ಒಣ ಹಗಲು, ತಂಪು ರಾತ್ರಿಯ ಚಳಿಗಾಲದಲ್ಲಿ ಇದು ಹೆಚ್ಚುವುದು ಅದಕ್ಕೇ. ಕೆಂಪು ನುಸಿಗೂ ಬೇಕಾದದ್ದು ಬಿಸಿಲು ಮತ್ತು ಒಣಹವೆ. ಸುಮಾರು 30 ಡಿಗ್ರಿ ಉಷ್ಣತೆಯಲ್ಲಿ ಒಂದು ವಾರದ ಆಸುಪಾಸಿನಲ್ಲಿ ಮೊಟ್ಟೆ ಪ್ರೌಢ ನುಸಿಯಾಗುತ್ತದೆ, ಒಂದು ಹೆಣ್ಣು ನೂರರಷ್ಟು ಮೊಟ್ಟೆಯಿಡಬಲ್ಲದು. ಜೋರಾದ ನೀರಿನ ಸಿಂಪರಣೆ ಬಲೆಯನ್ನು ಹರಿದು ನುಸಿಯನ್ನು ಉದುರಿಸುತ್ತದೆ. ಹೀಗೆ ಎರಡೂ ಪೀಡೆಗಳಿಗೆ ಶುದ್ಧ ನೀರೇ ಭಾಗಶಃ ಮದ್ದು. ಬರೀ ನೀರು ಸಿಂಪಡಿಸಿದ ಒಂದು ಸಾಲನ್ನು ಹೋಲಿಕೆಗೆ ಇಟ್ಟುಕೊಳ್ಳದೆ ಮಜ್ಜಿಗೆಗೆ ಪ್ರಶಸ್ತಿಪತ್ರ ಕೊಡುವಂತಿಲ್ಲ.

ಹಾಗೆಂದು ಮನೆಮದ್ದುಗಳನ್ನು ತಳ್ಳಿಹಾಕುವುದೂ ಅವೈಜ್ಞಾನಿಕ. 1999ರಲ್ಲಿ ಬ್ರೆಜಿಲ್‌ನ ವ್ಯಾಗ್ನರ್ ಬೆಟ್ಟಿಯೋಲ್ ಹಸಿರುಮನೆಯಲ್ಲಿ ಕುಂಬಳ ಜಾತಿಯ ಗಿಡಗಳ ಬೂದಿರೋಗದ ಮೇಲೆ ಹಸುವಿನ ಹಾಲನ್ನು ಪ್ರಯೋಗಿಸಿದರು. ಶೇ 10 ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣದ ಹಾಲು ಶಿಲೀಂಧ್ರನಾಶಕಕ್ಕೆ ಸರಿಸಮವಾಗಿ ಕೆಲಸ ಮಾಡಿತು. ಅಡುಗೆ ಸೋಡವನ್ನು ಎಣ್ಣೆಯೊಡನೆ ಬೆರೆಸಿ ಗುಲಾಬಿಯ ಬೂದಿರೋಗ ತಗ್ಗಿಸುವ ಪ್ರಯೋಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಇವು ಮೌಲಿಕ ಕೆಲಸಗಳು. ಆದರೆ ಹಸಿರುಮನೆಯ ಕುಂಬಳಕ್ಕೆ ಒಪ್ಪಿದ ಹಾಲು, ಬಯಲಿನ ಮಲ್ಲಿಗೆಗೆ ಹುಳಿ ಮಜ್ಜಿಗೆಯ ರೂಪದಲ್ಲೂ ಒಪ್ಪುತ್ತದೆಂಬುದು ಊಹೆ ಮಾತ್ರ. ಸೋಡವನ್ನು ಮತ್ತೆ ಮತ್ತೆ ಹಾಕಿದರೆ ಮಣ್ಣಿನಲ್ಲಿ ಸೋಡಿಯಂ ಉಳಿಯುತ್ತದೆ ಎಂಬ ಎಚ್ಚರಿಕೆಯೂ ಕರಪತ್ರಗಳಲ್ಲಿ ಕಾಣುವುದಿಲ್ಲ.

ಹೋಲಿಕೆಯಿಲ್ಲದ ಪರೀಕ್ಷೆಗೆ ತೆಂಗಿನ ನುಸಿಪೀಡೆ ನಮ್ಮ ಮುಂದಿರುವ ಪಾಠ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಅಸೇರಿಯ ಗೆರ್ರೆರೋನಿಸ್ ಬಹುಬೇಗ ಕರ್ನಾಟಕದ ತೋಟಗಳಿಗೂ ಹಬ್ಬಿತು. ಬೇವಿನ ಎಣ್ಣೆ, ಬೆಳ್ಳುಳ್ಳಿ ಮತ್ತು ಸಾಬೂನಿನ ಮಿಶ್ರಣದಂಥ ಪರೀಕ್ಷಿತ ಶಿಫಾರಸುಗಳ ಜೊತೆಗೆ ಹೇಳಿಕೇಳಿದ ಮದ್ದುಗಳೂ ಓಡಾಡಿದವು. ನುಸಿಯ ಸಂಖ್ಯೆ ಹವಾಮಾನಕ್ಕೆ ತಕ್ಕಂತೆ ತಾನಾಗಿಯೇ ಏರಿಳಿಯುತ್ತದೆ. ಇಳಿಯುವ ಕಾಲದಲ್ಲಿ ಏನನ್ನು ಹಾಕಿದರೂ ಅದು ಗೆದ್ದಂತೆಯೇ ಕಾಣುತ್ತದೆ.

ಪ್ರಮಾಣವಿಲ್ಲದ ಪಾಕ

ಒಂದು ಹಿಡಿ ಬೇವು, ಸ್ವಲ್ಪ ಸಾಬೂನು, ಸಾಕಷ್ಟು ನೀರು: ಇದು ಅಡುಗೆಯ ಭಾಷೆ. ಶೇ 5ರ ಬೇವಿನ ಕಷಾಯವೆಂದರೆ ಒಂದು ಲೀಟರಿಗೆ 50 ಗ್ರಾಂ ಬೀಜದ ತಿರುಳು. ಅದನ್ನು ಪುಡಿಮಾಡಿ ರಾತ್ರಿ ನೆನೆಸಿ, ಸೋಸಿ, ಅಂದೇ ಬಳಸಬೇಕು. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆಯುವುದರಿಂದ ಸಂಜೆಯ ಸಿಂಪರಣೆ ಲೇಸು. ಸಾಬೂನಿನ ದ್ರಾವಣ ನುಸಿಯ ಮೈಗೆ ತಾಗಿದರೆ ಮಾತ್ರ, ಅದೂ ಒದ್ದೆಯಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಕ್ಯಾಲ್ಸಿಯಂ ಸಾಬೂನನ್ನು ಗಷ್ಟವಾಗಿ ಒತ್ತರಿಸಿಬಿಡುತ್ತದೆ. ಹರಿಹರದಲ್ಲಿ ತುಂಗಭದ್ರೆಯ ನೀರಿನಲ್ಲಿ ಫಲ ಕೊಟ್ಟ ಮಿಶ್ರಣ ಕೆಲವೇ ಮೈಲಿಯಾಚೆಯ ಕೊಳವೆಬಾವಿಯ ತೋಟದಲ್ಲಿ ಸೋತರೆ, ದೋಷ ಮಿಶ್ರಣದ್ದಲ್ಲದೆಯೂ ಇರಬಹುದು. ಮೊಟ್ಟೆಗಳು ಮೊದಲ ಸಿಂಪರಣೆಗೆ ಸಾಯದಿರುವುದರಿಂದ ಐದಾರು ದಿನಕ್ಕೆ ಮತ್ತೊಮ್ಮೆ ಸಿಂಪಡಿಸಬೇಕು. ಇದನ್ನು ಹೇಳದ ಕರಪತ್ರ ಅರ್ಧ ಕರಪತ್ರ.

ಅರ್ಧ ಸಲಹೆಯ ಪರಿಣಾಮ ಸರಳ. ಬೆಳೆಗಾರ ಒಮ್ಮೆ ಸಿಂಪಡಿಸಿ ಕಾಯುತ್ತಾನೆ. ವಾರದಲ್ಲಿ ನುಸಿ ಹಲವು ಪಟ್ಟಾಗುತ್ತದೆ. ಗಾಬರಿಯಾಗಿ ಅಂಗಡಿಯವನು ಕೊಟ್ಟ ಕಡುವಿಷವನ್ನೇ ಹೊಡೆಯುತ್ತಾನೆ, ಮರುದಿನ ಹೂ ಕೀಳುತ್ತಾನೆ. ಬಹುಕಾಲ ನುಸಿಗೆ ಮದ್ದಾಗಿದ್ದ ಡೈಕೋಫಾಲ್ ಅನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಬೇಕಾಯಿತು. ಅಂದರೆ ಸಡಿಲವಾದ ಸಾವಯವ ಸಲಹೆ ಕೊನೆಗೆ ಮಾರಾಟ ಮಾಡುವುದು ವಿಷವನ್ನೇ.

ಶಾಲೆಯಲ್ಲೇ ಪರೀಕ್ಷಿಸಿ

ಕರಪತ್ರಗಳಲ್ಲಿ ಒಳ್ಳೆಯದೂ ಇದೆ. ರೋಗ ತಗಲಿದ ಎಲೆ ತೆಗೆಯುವುದು, ಗಿಡಗಳ ನಡುವೆ ಗಾಳಿ ಆಡಲು ಬಿಡುವುದು, ಧೂಳು ಕೂರದಂತೆ ನೋಡಿಕೊಳ್ಳುವುದು, ದಿನವೂ ತೋಟ ಸುತ್ತುವುದು ಇವೆಲ್ಲ ಸರಿಯಾದ ಮಾತುಗಳೇ. ಉಳಿದದ್ದನ್ನು ನಂಬುವ ಅಥವಾ ನಗೆಯಾಡುವ ಬದಲು ಪರೀಕ್ಷಿಸಬಹುದು.

ಶಾಲೆಯ ತೋಟದಲ್ಲಿ ಬೂದಿರೋಗ ಕಾಣತೊಡಗಿದ ಕುಂಬಳ ಅಥವಾ ಗುಲಾಬಿಯ ಇಪ್ಪತ್ತು ಗಿಡಗಳನ್ನು ಆರಿಸಿ, ಚೀಟಿ ಎತ್ತಿ ನಾಲ್ಕು ಗುಂಪು ಮಾಡಿ. ಒಂದು ಗುಂಪಿಗೆ ಏನೂ ಬೇಡ. ಎರಡನೆಯದಕ್ಕೆ ಬರೀ ನೀರು, ಮೂರನೆಯದಕ್ಕೆ 900 ಮಿಲಿ ಲೀಟರ್ ನೀರಿಗೆ 100 ಮಿಲಿ ಲೀಟರ್ ಹಾಲು, ನಾಲ್ಕನೆಯದಕ್ಕೆ ಅಷ್ಟೇ ಪ್ರಮಾಣದ ಮಜ್ಜಿಗೆ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಸಿಂಪಡಿಸಿ. ಎಲೆಯ ಎಷ್ಟು ಭಾಗ ಬೂದಿಯಾಗಿದೆ ಎಂಬುದನ್ನು, ಯಾವ ಗುಂಪಿಗೆ ಏನು ಹಾಕಿದೆ ಎಂದು ತಿಳಿಯದ ವಿದ್ಯಾರ್ಥಿಯೇ ಗುರುತು ಮಾಡಲಿ. ಮಜ್ಜಿಗೆ ನೀರಿಗಿಂತ ಮೇಲೆಂದು ತಿಳಿದರೆ ಸಂತೋಷ. ಎರಡೂ ಒಂದೇ ಎಂದು ತಿಳಿದರೆ, ಆ ಮಜ್ಜಿಗೆಯನ್ನು ಕುಡಿದು ಗಿಡಕ್ಕೆ ನೀರು ಹೊಡೆಯಬಹುದು. ಎರಡರಲ್ಲಿ ಯಾವುದೇ ಆದರೂ ಊರಿನ ಹೂಗಾರರಿಗೆ ಹೇಳಲು ಮಕ್ಕಳ ಬಳಿ ಕರಪತ್ರಕ್ಕಿಂತ ಗಟ್ಟಿಯಾದ ಒಂದು ಮಾತಿರುತ್ತದೆ.