ಗೋಡೆಯಾಚೆಯ ಕಿವಿ

ನಮ್ಮ ಸಂಬಂಧಿಕರ ಮನೆಯಲ್ಲಿ ಶಾದಿ. ಮಾಳಿಗೆಯ ಮೇಲೆ ಎರಡು ದೊಡ್ಡ ಸ್ಪೀಕರ್ ಬಾಕ್ಸ್‌ಗಳು. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಪಕ್ಕದ ಮನೆಯ ಯುವಕ ಗೇಟಿನ ಬಳಿ ಬಂದು, "ಸಾಬ್ರೇ, ಅಮ್ಮನಿಗೆ ಹುಷಾರಿಲ್ಲ. ಸೌಂಡ್ ಸ್ವಲ್ಪ ಕಮ್ಮಿ ಮಾಡಿಸ್ತೀರಾ?" ಎಂದ. ಅವನು ಅತ್ತ ಹೋಗುತ್ತಲೇ ನಮ್ಮವರೊಬ್ಬರು, "ಅವರು ಗಣಪತಿ ಕೂರಿಸಿದಾಗ ನಾವು ಸಹಿಸಿಕೊಳ್ಳಲಿಲ್ಲವೇ?" ಎಂದರು. ಇಳಿದ ಸದ್ದು ಎರಡೇ ನಿಮಿಷದಲ್ಲಿ ಮತ್ತೆ ಏರಿತು. ನಾವೂ ಸುಮ್ಮನಿದ್ದೆವು.

ಉತ್ಸವದ ಅಬ್ಬರ ಯಾರದಾದರೂ ತಪ್ಪೇ. ಆದರೆ ಆ ಬಾಕಿಯನ್ನು ಕಾಯಿಲೆ ಬಿದ್ದ ತಾಯಿಯೊಬ್ಬಳಿಂದ ವಸೂಲು ಮಾಡುವುದು ಯಾವ ನ್ಯಾಯ? 2022ರಲ್ಲಿ ರಾಜ್ಯದಲ್ಲಿ ಅಝಾನಿನ ಧ್ವನಿವರ್ಧಕಗಳ ವಿರುದ್ಧ ಅಭಿಯಾನ ನಡೆದಾಗ, ನಿಯಮ ಎಲ್ಲರಿಗೂ ಒಂದೇ ಇರಲಿ ಎಂದು ನಾವು ಕೇಳಿದೆವು. ಕೇಳಿದ್ದು ಸರಿಯೇ. ಹಾಗಿದ್ದರೆ ಅದೇ ನಿಯಮ ನಮ್ಮ ಮಾಳಿಗೆಗೂ ಅನ್ವಯಿಸಬೇಕಲ್ಲವೇ?

2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಅಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಖಾಸಗಿ ಧ್ವನಿ ಉಪಕರಣದ ಸದ್ದು ಈ ಮಿತಿಯನ್ನು ಐದು ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಅದನ್ನು ಅಳೆಯುವುದು ಬಾಕ್ಸಿನ ಮುಂದಲ್ಲ, ನಮ್ಮ ಜಾಗದ ಗಡಿಯಲ್ಲಿ. ಅಂದರೆ ಕಾನೂನಿಗೂ ಬೇಕಾಗಿರುವುದು ಗೋಡೆಯಾಚೆಯ ಕಿವಿಯೇ.

ಕೊನೆಯ ಸಾಲಿನವರಿಗೂ ಕೇಳಿಸಬೇಕೆಂದು ನಾವು ವಾಲ್ಯೂಮ್ ಏರಿಸುತ್ತೇವೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು ಆರು ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಒಂದೇ ಕಡೆಯಿಂದ ಅರಚಿಸುವ ಬದಲು, ನಾಲ್ಕು ಚಿಕ್ಕ ಸ್ಪೀಕರುಗಳನ್ನು ಜನರ ಹತ್ತಿರ, ಒಳಮುಖವಾಗಿ, ಕೆಳಗೆ ಇಡಬಹುದು. ಒಬ್ಬರು ನೆರೆಮನೆಯ ಗೋಡೆಯ ಬಳಿ ನಿಂತು ಕೈಸನ್ನೆ ಮಾಡಲಿ. ಅವರು ಸಾಕೆಂದಲ್ಲಿಗೆ ಗುಂಡಿಗೆ ಬಣ್ಣದ ಗುರುತು ಹಾಕಿ, ಅದನ್ನು ದಾಟಕೂಡದೆಂದು ಮೈಕ್‌ಸೆಟ್ಟಿನ ಹುಡುಗನಿಗೆ ಹೇಳಬೇಕು.

ರಾತ್ರಿಯ ನಮಾಝಿನಲ್ಲಿ ಹಝರತ್ ಅಬೂಬಕರ್ ಬಹಳ ಮೆಲ್ಲಗೆ, ಹಝರತ್ ಉಮರ್ ಜೋರಾಗಿ ಓದುತ್ತಿದ್ದರು. ಪ್ರವಾದಿಯವರು(ಸ) ಒಬ್ಬರಿಗೆ ದನಿಯನ್ನು ತುಸು ಏರಿಸಲು, ಇನ್ನೊಬ್ಬರಿಗೆ ತುಸು ಇಳಿಸಲು ಹೇಳಿದ ಪ್ರಸಂಗ ಅಬೂದಾವೂದ್ ಸಂಗ್ರಹದಲ್ಲಿದೆ. ಕುರ್‌ಆನ್ ಪಠಣಕ್ಕೇ ಅಳತೆ ಹೇಳಿದ ದೀನ್‌ನವರು ನಾವು. ಶಾದಿಯ ಹಾಡಿಗೆ ಅಳತೆ ಬೇಡವೆಂದರೆ ಹೇಗೆ?

ಮರುದಿನ ಸಿಹಿ ಕೊಡಲು ಆ ಮನೆಗೆ ಹೋದೆವು. ತಾಯಿ ಒಳಕೋಣೆಯಲ್ಲಿ ಮಲಗಿದ್ದರು. ಅವರ ಕಿಟಕಿಯಿಂದ ನೇರ ಎದುರಿಗೆ ನಮ್ಮ ಬಾಕ್ಸ್‌ಗಳು ಕಾಣುತ್ತಿದ್ದವು. ಯುವಕ ಏನೂ ಅನ್ನದೆ ನಮಗೆ ಕುರ್ಚಿ ಹಾಕಿದ. ಇನ್ನು ಮುಂದೆ ಶಾದಿಯ ದಾವತ್ ಹೇಳಲು ನೆರೆಮನೆಗೆ ಹೋದಾಗಲೇ, ಅಲ್ಲಿ ಯಾರು ಮಲಗಿದ್ದಾರೆ, ಯಾವ ಮಗುವಿಗೆ ಪರೀಕ್ಷೆಯಿದೆ ಎಂದು ಕೇಳಿಕೊಂಡು ಬರೋಣ. ಬಾಕ್ಸ್ ಎಲ್ಲಿ ಇಡಬೇಕೆಂಬುದನ್ನು ಆಮೇಲೆ ತೀರ್ಮಾನಿಸೋಣ.