ಫೋನಿನ ಕಡತಗಳು: ಜೋಡಣೆ ಇದೆ, ಚೀಟಿ ಇಲ್ಲ

ಗಿಡದ ರೆಂಬೆಯೊಂದನ್ನು ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿದ ಮಾತ್ರಕ್ಕೆ ಅದು ಸಸ್ಯಸಂಗ್ರಹದ ಮಾದರಿ ಆಗುವುದಿಲ್ಲ. ಯಾರು, ಎಲ್ಲಿ, ಯಾವ ದಿನ ಸಂಗ್ರಹಿಸಿದರು ಎಂಬ ಚೀಟಿ ಜೊತೆಗಿರಬೇಕು. ಈ ಪಾಠವನ್ನು ನೀವು ತರಗತಿಯಲ್ಲಿ ಹೇಳಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ಅದೇ ಮಾನದಂಡದಿಂದ ನಿಮ್ಮ ಸ್ಮಾರ್ಟ್‌ಫೋನನ್ನು ಒಮ್ಮೆ ಪರೀಕ್ಷಿಸಿ ನೋಡಿ.

ಇಸಳೂರಿನಂಥ ಮಲೆನಾಡಿನ ಊರೊಂದರಲ್ಲಿ ಶಾಲೆಯ ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನಾ ಬೆಳಿಗ್ಗೆ 8-30ಕ್ಕೆ ಮಳೆಮಾಪಕದ ಚಿತ್ರ ತೆಗೆಯುತ್ತಾರೆ ಎಂದುಕೊಳ್ಳಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಅಳೆಯುವುದೂ ಇದೇ ಹೊತ್ತಿಗೆ. ಒಟ್ಟು 122 ಚಿತ್ರಗಳು. ಜೊತೆಗೆ, ಅಪ್ಪೆಮಿಡಿ ಮರ ಹೂ ಬಿಟ್ಟ ದಿನದ ಚಿತ್ರಗಳೂ ಇರಬಹುದು. ಐದು ವರ್ಷಗಳ ನಂತರ ‘ಹೂ ಬಿಡುವ ಕಾಲ ಹಿಂದುಮುಂದಾಗಿದೆಯೇ?’ ಎಂದು ಯಾರಾದರೂ ಕೇಳಿದರೆ ಉತ್ತರ ಈ ಕಡತಗಳಲ್ಲಿರಬೇಕು. ಇರುತ್ತದೆಯೇ?

ಆಂಡ್ರಾಯ್ಡ್ ಫೋನುಗಳಲ್ಲಿ ಬಹಳ ಜನ ಬಳಸುವ ‘ಫೈಲ್ಸ್ ಬೈ ಗೂಗಲ್’ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2017ರಲ್ಲಿ ‘ಫೈಲ್ಸ್ ಗೋ’ ಎಂಬ ಹೆಸರಿನಿಂದ ಬಂದ ಇದು 2018ರಲ್ಲಿ ಈಗಿನ ಹೆಸರು ಪಡೆಯಿತು. ಇದರ ಗುಣಗಳನ್ನು ಮೊದಲು ಒಪ್ಪಬೇಕು. ಒಂದೇ ಕಡತ ಎರಡು ಕಡೆ ಇದ್ದರೆ ಹುಡುಕಿಕೊಡುತ್ತದೆ. ದೊಡ್ಡ ಕಡತಗಳನ್ನು ತೋರಿಸುತ್ತದೆ. ಅಳಿಸಿದ್ದನ್ನು 30 ದಿನ ಕಸದ ಬುಟ್ಟಿಯಲ್ಲಿ ಕಾಯ್ದಿಡುತ್ತದೆ. ಜಾಗ ಉಳಿಸುವ ಸಾಧನವಾಗಿ ಇದು ಚೆನ್ನಾಗಿದೆ.

ದೋಷವಿರುವುದು ವರ್ಗೀಕರಣದಲ್ಲಿ. ಚಿತ್ರ, ವೀಡಿಯೊ, ಧ್ವನಿ, ದಾಖಲೆ, ಡೌನ್‌ಲೋಡ್ ಎಂದು ಇದು ಕಡತಗಳನ್ನು ಅವುಗಳ ಜಾತಿಯ ಪ್ರಕಾರ, ಇಲ್ಲವೇ ಬಂದ ದಾರಿಯ ಪ್ರಕಾರ ವಿಂಗಡಿಸುತ್ತದೆ. ಗ್ರಂಥಾಲಯದ ಪುಸ್ತಕಗಳನ್ನು ಕೊಂಡ ಅಂಗಡಿಯ ಪ್ರಕಾರ ಜೋಡಿಸಿದ ಹಾಗೆ! ಮಳೆಮಾಪಕದ ಚಿತ್ರ ಮದುವೆಯ ಚಿತ್ರಗಳ ನಡುವೆ, ಅದರ ಅಂಕಿಗಳ ಪಟ್ಟಿ ವಿದ್ಯುತ್ ಬಿಲ್ಲಿನ ಪಕ್ಕದಲ್ಲಿ ಸೇರುತ್ತವೆ. ಎರಡನ್ನೂ ಒಂದುಗೂಡಿಸುವ ವಿಷಯ ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಐಪ್ಯಾಡಿನಲ್ಲಿಯೂ ಸ್ಥಿತಿ ಹೆಚ್ಚು ಬೇರೆಯಲ್ಲ. 2017ರಲ್ಲಿ ಅದಕ್ಕೂ ‘ಫೈಲ್ಸ್’ ಬಂತಾದರೂ ಕ್ಯಾಮೆರಾದ ಚಿತ್ರಗಳು ‘ಫೋಟೋಸ್’ನಲ್ಲಿಯೇ ಬೇರೆಯಾಗಿ ಉಳಿಯುತ್ತವೆ.

ಇದಕ್ಕಿಂತ ದೊಡ್ಡ ನಷ್ಟ ಆಗುವುದು ಚಿತ್ರಗಳನ್ನು ಹಂಚಿಕೊಳ್ಳುವಾಗ. ಕ್ಯಾಮೆರಾ ಪ್ರತಿ ಚಿತ್ರದೊಳಗೆ ತೆಗೆದ ದಿನ, ವೇಳೆ ಮತ್ತು (ನೀವು ಅನುಮತಿ ಕೊಟ್ಟಿದ್ದರೆ) ಅಕ್ಷಾಂಶ ರೇಖಾಂಶಗಳನ್ನು ಬರೆದಿಡುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಾಡಿನಲ್ಲಿಯೂ ಜಿಪಿಎಸ್ ಕೆಲಸ ಮಾಡುತ್ತದೆ. ಇದೇ ನಮ್ಮ ಚೀಟಿ. ವಾಟ್ಸಾಪ್‌ನಲ್ಲಿ ಅದನ್ನು ಮಾಮೂಲಿ ಚಿತ್ರವಾಗಿ ಕಳಿಸಿದಿರೋ, ಚಿತ್ರ ಕುಗ್ಗುತ್ತದೆ, ಚೀಟಿ ಕಳಚಿಹೋಗುತ್ತದೆ. ತಲುಪಿದ ಕಡತದ ಹೆಸರಿನಲ್ಲಿ ಒಂದು ದಿನಾಂಕವೇನೋ ಕಾಣುತ್ತದೆ. ಆದರೆ ಅದು ಸಂದೇಶ ಬಂದ ದಿನ, ಹೂ ಬಿಟ್ಟ ದಿನವಲ್ಲ. ಮಾರ್ಚಿಯಲ್ಲಿ ಕಳಿಸಿದ ಜನವರಿಯ ಹೂವು ಮಾರ್ಚಿಯದಾಗಿ ದಾಖಲಾಗುತ್ತದೆ. ದಿನಾಂಕವಿಲ್ಲದ ಚಿತ್ರಕ್ಕಿಂತ ತಪ್ಪು ದಿನಾಂಕದ ಚಿತ್ರ ಹೆಚ್ಚು ಅಪಾಯಕರ, ಏಕೆಂದರೆ ಅದನ್ನು ಯಾರೂ ಸಂಶಯಿಸುವುದಿಲ್ಲ. ಅದೇ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಕಡತ ಹಾಗೆಯೇ ತಲುಪುತ್ತದೆ. ಈ ವ್ಯತ್ಯಾಸವನ್ನು ಆಪ್ ತಾನಾಗಿ ಎಚ್ಚರಿಸಿ ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಫೋನಿನ ಆಂತರಿಕ ಸಂಗ್ರಹದಲ್ಲಿ ವಿಷಯಕ್ಕೊಂದು ಫೋಲ್ಡರ್ ನೀವೇ ಮಾಡಿ, ಹೆಸರನ್ನೂ ನೀವೇ ಇಡಿ. ಹೆಸರು ಕನ್ನಡದಲ್ಲಿಯೇ ಇರಲಿ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದು ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡೀತು. ಯೂನಿಕೋಡ್ ಕನ್ನಡಕ್ಕೆ ಆ ತೊಂದರೆ ಇಲ್ಲ. ಆಂಡ್ರಾಯ್ಡಿನಲ್ಲಿ ಒಂದು ಹೆಸರು ಸಾಮಾನ್ಯವಾಗಿ 255 ಬೈಟ್‌ಗಳವರೆಗೆ ಇರಬಹುದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು; ‘ಕ್ಷಿ’ಯಲ್ಲಿ ಕ, ವಿರಾಮಚಿಹ್ನೆ, ಷ, ಇಕಾರ ಎಂಬ ನಾಲ್ಕು ಸಂಕೇತಗಳಿರುವುದರಿಂದ 12 ಬೈಟ್. ‘2024-06-14_ಇಸಳೂರು_ಮಳೆಮಾಪಕ_01.ಜೆಪಿಜಿ’ ಎಂಬ ಹೆಸರಿನಲ್ಲಿ ಕೊನೆಯ ಬಾಲವನ್ನು ಎಂದಿನಂತೆ ರೋಮನ್ ಅಕ್ಷರಗಳಲ್ಲಿ ಬರೆದರೆ ಒಟ್ಟು 58 ಬೈಟ್ ಮಾತ್ರ. ಬೇಕಾದರೆ ಎಣಿಸಿ ನೋಡಿ.

ವರ್ಷ, ತಿಂಗಳು, ದಿನ ಎಂಬ ಈ ಅನುಕ್ರಮ ಐಎಸ್‌ಒ 8601 ಮಾನಕದ್ದು. ಹೆಸರಿನ ಪ್ರಕಾರ ಜೋಡಿಸಿದರೆ ಕಾಲಕ್ರಮ ತಾನಾಗಿ ಬರುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೇ ತಾರೀಖುಗಳು ಒಟ್ಟಿಗೆ ಗುಂಪುಗೂಡುತ್ತವೆ. ಅಂಕಿಗಳ ಹಿಂದೆ ಸೊನ್ನೆ ಇರಲಿ. ಇಲ್ಲವಾದರೆ ಕೆಲವು ತಂತ್ರಾಂಶಗಳಲ್ಲಿ 10 ಎಂಬುದು 2ಕ್ಕಿಂತ ಮೊದಲು ಬಂದು ಕೂರುತ್ತದೆ.

ಇನ್ನು ಎರಡನೆಯ ಪ್ರತಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿಯಿತು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರುಗಳಲ್ಲಿ ತಿಂಗಳಿಗೊಮ್ಮೆ ಶಾಲೆಯ ಗಣಕಕ್ಕೋ ಪೆನ್‌ಡ್ರೈವಿಗೋ ನಕಲು ಮಾಡುವುದೇ ವಾಸಿ. ನೆನಪಿಡಿ: ನಕಲು ಮಾಡುವಾಗ ಕಡತದ ಹೊರಗಿನ ದಿನಾಂಕ ಬದಲಾಗಬಹುದು, ಹೆಸರಿನಲ್ಲಿ ಬರೆದ ದಿನಾಂಕ ಬದಲಾಗದು.

ಶಿಕ್ಷಕರು ಇದನ್ನು ಒಂದು ಚಟುವಟಿಕೆಯಾಗಿ ಮಾಡಿಸಬಹುದು. ಒಂದೇ ಚಿತ್ರವನ್ನು ಚಿತ್ರವಾಗಿ ಮತ್ತು ಡಾಕ್ಯುಮೆಂಟ್ ಆಗಿ ಎರಡು ಬಾರಿ ಕಳಿಸಿ, ತಲುಪಿದ ಎರಡರ ಗಾತ್ರ, ದಿನಾಂಕ, ಸ್ಥಳಗಳನ್ನು ಮಕ್ಕಳು ಮೂಲದೊಂದಿಗೆ ಹೋಲಿಸಿ ಪಟ್ಟಿ ಮಾಡಲಿ. ಯಾವುದನ್ನು ಪುರಾವೆ ಎಂದು ಒಪ್ಪಬಹುದು ಎಂಬುದನ್ನು ಅವರೇ ತೀರ್ಮಾನಿಸಲಿ.